ಸಹಿ ಕೇಳುವವರು ಬೇರೆಯವರಾಗಲಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ, ನಮಸ್ಕಾರ.

ಹೊಸ ಔಷಧಿಗಳ ಪ್ರಯೋಗ ಬೇಡ ಅಂತ ನಾನು ಹೇಳುತ್ತಿಲ್ಲ. ಪ್ರಯೋಗವಿಲ್ಲದೆ ಔಷಧಿ ಎಲ್ಲಿಂದ ಬರಬೇಕು? ನನ್ನ ತಕರಾರು ಒಂದೇ: ಪ್ರಯೋಗಕ್ಕೆ ಸೇರಲು ಬೇಕಾದ ರೋಗಿಯ ಒಪ್ಪಿಗೆ ಸಹಿಯನ್ನು ಚಿಕಿತ್ಸೆ ಕೊಡುವ ಡಾಕ್ಟರೇ ಕೇಳಬಾರದು.

ಡಾಕ್ಟರು ನೋಡಬೇಕಾದ್ದು ಎದುರಿಗಿರುವ ಒಬ್ಬರ ಒಳ್ಳೆಯದನ್ನು. ಮಾತ್ರೆ ಹಿಡಿಸದಿದ್ದರೆ ಬದಲಾಯಿಸುತ್ತಾರೆ. ಪ್ರಯೋಗದಲ್ಲಿ ಹಾಗಲ್ಲ. ಯಾರಿಗೆ ಹೊಸ ಔಷಧಿ, ಯಾರಿಗೆ ಹಳೆಯದು ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ತೀರ್ಮಾನಿಸುತ್ತದೆ. ಲಾಭ ಹೆಚ್ಚಾಗಿ ಮುಂದೆ ಬರುವ ರೋಗಿಗಳಿಗೆ. ಹೆಚ್ಚು ಜನರಿಗೆ ಒಳ್ಳೆಯದಾದರೆ ಅದೇ ಸರಿ ಎನ್ನುವುದು ಇಂಗ್ಲಿಷ್ ತತ್ವಜ್ಞಾನಿ ಮಿಲ್ ವಾದ. ಮನುಷ್ಯರನ್ನು ಬರೀ ಸಾಧನವಾಗಿ ಬಳಸಬಾರದು ಎನ್ನುವುದು ಜರ್ಮನ್ ತತ್ವಜ್ಞಾನಿ ಕಾಂಟ್ ವಾದ. ಎರಡೂ ಬೇಕು, ನಿಜ. ಆದರೆ ಎರಡನ್ನೂ ಒಬ್ಬರೇ ಹೊತ್ತು ಬಂದರೆ, ಈಗ ಮಾತಾಡುತ್ತಿರುವುದು ಡಾಕ್ಟರೋ ಸಂಶೋಧಕರೋ ಅಂತ ರೋಗಿಗೆ ಹೇಗೆ ಗೊತ್ತಾಗಬೇಕು?

ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸರ್ಕಾರದ ಆರೋಗ್ಯ ಸೇವೆಯೇ ಸಿಫಿಲಿಸ್ ಎಂಬ ಲೈಂಗಿಕ ರೋಗ ಇದ್ದ 399 ಕಪ್ಪು ಗಂಡಸರನ್ನು ಸರಿಯಾದ ಚಿಕಿತ್ಸೆ ಕೊಡದೆ ಸುಮ್ನೆ ಗಮನಿಸುತ್ತಾ ಕೂತಿತು. ಅದನ್ನು ಗುಣಪಡಿಸುವ ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಬೆನ್ನುಹುರಿಯ ನೀರು ತೆಗೆಯಲು ಅವರನ್ನು ಕರೆದ ಪತ್ರದಲ್ಲಿ 'ವಿಶೇಷ ಉಚಿತ ಚಿಕಿತ್ಸೆಗೆ ಕೊನೆಯ ಅವಕಾಶ' ಎಂದಿತ್ತು. ಅದು ಬರೀ ಪರೀಕ್ಷೆ. ಸ್ವಂತ ಇಷ್ಟದ ಒಪ್ಪಿಗೆ ಬೇಕೇ ಬೇಕು ಅಂತ, ನಾಜಿ ಡಾಕ್ಟರುಗಳ ವಿಚಾರಣೆಯಲ್ಲಿ ಹುಟ್ಟಿದ ನ್ಯೂರೆಂಬರ್ಗ್ ಸಂಹಿತೆ 1947ರಲ್ಲೇ ಹೇಳಿತ್ತು. ಆಮೇಲೂ 25 ವರ್ಷ ಇದು ನಡೆಯಿತು!

ಈಗ ಪ್ರಯೋಗಗಳನ್ನು ಪರಿಶೀಲಿಸುವ ನೈತಿಕ ಸಮಿತಿಗಳಿವೆ, ಒಪ್ಪುತ್ತೇನೆ. ಆದರೆ ಸಮಿತಿ ಓದುವುದು ಫಾರಂ. ಮಂಚದ ಪಕ್ಕದ ಮಾತು ಅದಕ್ಕೆ ಕೇಳಿಸುವುದಿಲ್ಲ. 'ನೀವು ಹೇಳಿದ ಮೇಲೆ ಆಯ್ತು ಡಾಕ್ಟ್ರೇ, ಎಲ್ಲಿ ಸೈನ್ ಹಾಕ್ಬೇಕು?' ಅನ್ನುತ್ತಾರೆ ರೋಗಿ. ಹಾಳೆ ತಿರುಗಿಸುವುದೂ ಇಲ್ಲ. ಬೇಡ ಅಂದರೆ ನಾಳೆ ಡಾಕ್ಟರು ಮುಖ ಕೊಟ್ಟು ಮಾತಾಡ್ತಾರೋ ಇಲ್ವೋ ಅನ್ನುವ ಅಳುಕು ಬೇರೆ. ಇದನ್ನು ಒಪ್ಪಿಗೆ ಅನ್ನೋದು ಕಷ್ಟ, ಅಲ್ವಾ?

ಹೀಗೆ ರೋಗಿ ಡಾಕ್ಟರನ್ನೇ ನಂಬಿಕೊಂಡಿರುವಾಗ ಒಪ್ಪಿಗೆಯನ್ನು ಆ ಸಂಬಂಧದ ಹೊರಗಿನ, ವಿಷಯ ಬಲ್ಲವರು ಪಡೆಯಬೇಕು ಎಂದು ವಿಶ್ವ ವೈದ್ಯಕೀಯ ಸಂಘದ ಹೆಲ್ಸಿಂಕಿ ಘೋಷಣೆ ಹೇಳುತ್ತದೆ. ಅದನ್ನು ನಿಯಮ ಮಾಡಿ. ಸರ್ಕಾರದ ದುಡ್ಡಿನ ಪ್ರಯೋಗಗಳಿಂದಲೇ ಶುರುವಾಗಲಿ. ಫಾರಂ ಒಂದು ರಾತ್ರಿಯಾದರೂ ರೋಗಿಯ ಕೈಯಲ್ಲಿರಲಿ. 'ಇದು ಸಂಶೋಧನೆ, ನಿಮಗೆ ಲಾಭ ಆಗದೆಯೂ ಇರಬಹುದು' ಎಂಬ ಸಾಲು ಮೊದಲ ಪುಟದಲ್ಲೇ ಬರಲಿ. ತುರ್ತು ಚಿಕಿತ್ಸೆಯ ಪ್ರಯೋಗಗಳಿಗೆ ಬೇರೆ ದಾರಿ ಬೇಕಾಗುತ್ತದೆ, ಅದನ್ನು ಬೇರೆಯಾಗಿಯೇ ಬರೆಯಿರಿ.

ಇದರಿಂದ ಪ್ರಯೋಗಕ್ಕೆ ಜನ ಸಿಗುವುದು ನಿಧಾನವಾಗುತ್ತದೆ ಎಂದು ನಿಮ್ಮ ಅಧಿಕಾರಿಗಳು ಹೇಳಬಹುದು. ಆಗಲಿ ಬಿಡಿ. ಈ ನಿಯಮ ಯಾವಾಗ ಬರುತ್ತದೆ, ಬರದಿದ್ದರೆ ಯಾಕೆ ಅನ್ನುವುದನ್ನು ಬಹಿರಂಗವಾಗಿಯೇ ತಿಳಿಸಿ.

ಇಂತಿ,
ಒಬ್ಬ ನಾಗರಿಕ