ಜರ್ಮೇನಿಯಂ ಜೋಡಣೆ: ಈ ವಾರದ ಚರ್ಚೆಗೆ ಮುನ್ನ

ಸದಸ್ಯರೆಲ್ಲರಿಗೂ ನಮಸ್ಕಾರ. ಈ ವಾರದ ಚರ್ಚೆಯ ವಿಷಯ, ಸಾವಯವ ಜರ್ಮೇನಿಯಂ ಸಂಯುಕ್ತಗಳನ್ನು ಬಳಸಿ ಲೋಹ ವೇಗವರ್ಧಕಗಳ ನೆರವಿನಿಂದ ಇಂಗಾಲಕ್ಕೆ ಇಂಗಾಲವನ್ನು ಬೆಸೆಯುವ ಕ್ರಿಯೆಗಳು. ಜರ್ಮನ್ ರಸಾಯನಶಾಸ್ತ್ರಜ್ಞ ವಿಂಕ್ಲರ್ ಅವರು 1886ರಲ್ಲಿ ಜರ್ಮೇನಿಯಂ ಧಾತುವನ್ನು ಕಂಡುಹಿಡಿದು ಮರುವರ್ಷವೇ ಟೆಟ್ರಾಈಥೈಲ್ ಜರ್ಮೇನ್ ಎಂಬ ಸಾವಯವ ಸಂಯುಕ್ತವನ್ನು ತಯಾರಿಸಿದರೂ, ಇಂಗಾಲಗಳನ್ನು ಬೆಸೆಯಲು ಬೋರಾನ್ ಸಂಯುಕ್ತಗಳನ್ನು ಬಳಸುವ ಸುಜುಕಿ ಜೋಡಣೆಯ ಎದುರು ಜರ್ಮೇನಿಯಂ ಸಂಯುಕ್ತಗಳು ಕ್ರಿಯೆಯಲ್ಲಿ ಮಂದವೆಂದೇ ಬಹುಕಾಲ ಎಣಿಸಲ್ಪಟ್ಟಿದ್ದವು. ಜರ್ಮನಿಯ ಆಖೆನ್‌ನಲ್ಲಿ ಫ್ರಾನ್ಸಿಸ್ಕಾ ಶೋನೆಬೆಕ್ ಅವರ ತಂಡ 2019ರಲ್ಲಿ ತೋರಿಸಿದಂತೆ, ಜರ್ಮೇನಿಯಂ ಮತ್ತು ಬೋರಾನ್ ಗುಂಪುಗಳೆರಡೂ ಇರುವಾಗ, ಪಲ್ಲೇಡಿಯಂ ಲೋಹದ ನ್ಯಾನೋಕಣಗಳ ಸನ್ನಿಧಿಯಲ್ಲಿ ಅರೈಲ್ ಅಯೋಡೈಡಿನೊಡನೆ (ಬೆಂಜೀನ್‌ನಂಥ ಉಂಗುರಕ್ಕೆ ಅಯೋಡಿನ್ ಅಂಟಿದ ಸಂಯುಕ್ತ) ಮೊದಲು ಕೂಡುವುದು ಟ್ರೈಈಥೈಲ್ ಜರ್ಮೇನಿಯಂ ಗುಂಪೇ. ಬೋರಾನ್ ಎಸ್ಟರ್ (ಸುಜುಕಿ ಜೋಡಣೆಯಲ್ಲಿ ಬಳಸುವ ಬೋರಾನ್ ಗುಂಪು) ಮುಂದಿನ ಹಂತಕ್ಕೆ ಹಾಗೆಯೇ ಉಳಿಯುತ್ತದೆ. ನನ್ನ ಮಟ್ಟಿಗೆ ಇದರ ನಿಜವಾದ ಬೆಲೆ ಇರುವುದು ಯಾವ ಗುಂಪು ಮೊದಲು ಕೂಡಬೇಕೆಂಬ ಈ ಆಯ್ಕೆಯಲ್ಲಿ, ಇಂಥದೇ ಜೋಡಣೆಗೆ ಬಳಸುವ ತವರದ ಸಂಯುಕ್ತಗಳಷ್ಟು ವಿಷಕಾರಿಯಲ್ಲವೆಂಬುದು ಅದರ ಜೊತೆಗಿನ ಲಾಭ. ಫಾಸ್ಫೀನ್ (ಲೋಹಕ್ಕೆ ಅಂಟಿಕೊಳ್ಳುವ ರಂಜಕದ ಸಂಯುಕ್ತ) ಬಂಧಿತ ಸಾಮಾನ್ಯ ಪಲ್ಲೇಡಿಯಂ ವೇಗವರ್ಧಕದಲ್ಲಿ ಈ ಸರದಿ ಏಕೆ ತಿರುಗಿಬೀಳುತ್ತದೆ ಎಂಬುದನ್ನು ದಯವಿಟ್ಟು ಯೋಚಿಸಿಕೊಂಡು ಬನ್ನಿ.