ಛಾವಣಿ ಸೋರುತ್ತಿದೆ, ಬಾರ್ಡರ್ ಲೀಗ್ ನೆನೆಯುತ್ತಿದೆ: ಮಾರ್ಚ್ 31ರೊಳಗೆ ನಿಮ್ಮ ನೆರವು ಬೇಕು

ಆತ್ಮೀಯ ಕನ್ನಡ ಬಂಧುಗಳೇ,

ಸ್ಕಾಟ್ಲೆಂಡಿನ ಗಡಿನಾಡಿನಿಂದ ನಮಸ್ಕಾರ. ಈ ಪತ್ರ ಓದುತ್ತಿರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಒಂದಲ್ಲ ಒಂದು ಸಲ ನಮ್ಮ ಮೈದಾನಕ್ಕೆ ಬಂದಿದ್ದೀರಿ. ಮಳೆಯಲ್ಲಿ ಕೊಡೆ ಹಿಡಿದು ನಿಂತು ನಮ್ಮ ಬಿಸಿಬೇಳೆಬಾತ್ ತಿಂದಿದ್ದೀರಿ. ಹಾಗಾಗಿ ಇಲ್ಲಿನ ಮಕ್ಕಳಿಗೆ ರಗ್ಬಿ ಆಡಿಸುವ, ಬಾರ್ಡರ್ ಲೀಗ್ ಅನ್ನುವ ಗಡಿನಾಡಿನ ರಗ್ಬಿ ಲೀಗಿನ ಹಳೇ ವಸ್ತುಗಳನ್ನು ಕಾಪಾಡುವ ನಮ್ಮ ಟ್ರಸ್ಟಿನ ಬಗ್ಗೆ ಮತ್ತೆ ಉದ್ದಕ್ಕೆ ಹೇಳುವುದಿಲ್ಲ. ನೇರ ವಿಷಯಕ್ಕೆ ಬರುತ್ತೇನೆ. ಮೈದಾನದ ನಮ್ಮ ಕಟ್ಟಡದ ಛಾವಣಿ ಸೋರುತ್ತಿದೆ. ಮಾರ್ಚ್ 31ರೊಳಗೆ ದುಡ್ಡು ಹೊಂದಿಸಬೇಕು.

ಜನವರಿಯ ಬಿರುಗಾಳಿಗೆ ಉತ್ತರದ ಕಡೆಯ ಸ್ಲೇಟುಗಳು ಎದ್ದುಹೋದವು. ಇಲ್ಲಿ ಹಳೇ ಕಟ್ಟಡಗಳಿಗೆ ಹೆಂಚಿನ ಬದಲು ಸ್ಲೇಟು ಹೊದಿಸುತ್ತಾರೆ. ನಾವು ಚಿಕ್ಕಂದಿನಲ್ಲಿ ಬಳಪ ಹಿಡಿದು ಅಆಇಈ ತಿದ್ದಿದೆವಲ್ಲ, ಅದೇ ಕಲ್ಲು. ಬೆಳಿಗ್ಗೆ ನಾನು ಬಾಗಿಲು ತೆಗೆದಾಗ ಮೇಲಿನ ಕೋಣೆಯಲ್ಲಿ ಹನ್ನೊಂದು ಕಡೆ ತೊಟ್ಟಿಕ್ಕುತ್ತಿತ್ತು. ನಮ್ಮಲ್ಲಿದ್ದ ಬಕೆಟ್ ಐದು. ಉಳಿದ ಕಡೆ ಅಡುಗೆಮನೆಯ ಪಾತ್ರೆ ಇಟ್ಟೆವು. ಅದರಲ್ಲಿ ನಿಮಗೆಲ್ಲ ಪರಿಚಯ ಇರುವ ಬಿಸಿಬೇಳೆಬಾತ್ ತಪ್ಪಲೆಯೂ ಒಂದು. ದೇಣಿಗೆ ಪತ್ರದಲ್ಲಿ ಹನಿಗೂಡಿದರೆ ಹಳ್ಳ ಅಂತ ಬರೆಯೋದು ವಾಡಿಕೆ. ನಾನು ಬರೆಯೋದು ಬೇಕಿಲ್ಲ, ಮಧ್ಯಾಹ್ನದ ಹೊತ್ತಿಗೆ ಆ ತಪ್ಪಲೆಯೇ ತೋರಿಸಿಕೊಟ್ಟಿತು.

ಎರಡು ವರ್ಷದ ಹಿಂದೆ ಅದೇ ಜಾಗಕ್ಕೆ ತೇಪೆ ಹಾಕಿಸಿದ್ದೆವು. ರೇಟು ಕಡಿಮೆ ಅಂತ ಒಬ್ಬರಿಗೆ ಕೆಲಸ ಕೊಟ್ಟೆವು, ಕೆಲಸವೂ ಅಷ್ಟೇ ಆಯಿತು. ಖಜಾಂಚಿಯಾಗಿ ಆ ಬಿಲ್ಲಿಗೆ ಸಹಿ ಹಾಕಿದವನು ನಾನೇ, ಬೇರೆಯವರನ್ನು ಬೈದು ಏನು ಬಂತು.

ಕೆಳಗಿನ ಕೋಣೆಯಲ್ಲಿ ಮಕ್ಕಳು ಬಟ್ಟೆ ಬದಲಿಸುತ್ತಾರೆ. ಮೇಲಿನ ಕೋಣೆಯಲ್ಲಿ ಏನಿದೆ ಅಂತ ನೋಡಿದವರಿಗೆ ಗೊತ್ತು. ನೂರಿಪ್ಪತ್ತು ವರ್ಷ ದಾಟಿದ ಒಂದು ಲೀಗ್‌ನ ಪಂದ್ಯಪಟ್ಟಿಗಳು, ಗ್ರೂಪ್ ಫೋಟೋಗಳು, ಹಳೇ ಜೆರ್ಸಿಗಳು, ಊರವರು ತಮ್ಮ ಅಜ್ಜನ ಪೆಟ್ಟಿಗೆ ಖಾಲಿ ಮಾಡುವಾಗ ನಮಗೆ ತಂದುಕೊಟ್ಟದ್ದು. ಅವತ್ತು ಮೊದಲು ನನ್ನ ಕೈಗೆ ಸಿಕ್ಕಿದ್ದು 1958-59ರ ಒಂದು ಪಂದ್ಯಪಟ್ಟಿ. ಆ ವರ್ಷ ಲ್ಯಾಂಗ್‌ಹೋಮ್ ಅನ್ನುವ ಪುಟ್ಟ ಊರು ಸ್ಕಾಟ್ಲೆಂಡಿನ ಅನಧಿಕೃತ ಚಾಂಪಿಯನ್ ಆಗಿತ್ತು. ಯಾರೋ ಗಿರಣಿ ಕೆಲಸಗಾರ ಪ್ರತಿ ಶನಿವಾರ ಅದರಲ್ಲಿ ಸ್ಕೋರು ಬರೆದಿಟ್ಟಿದ್ದಾನೆ. ಕೆಲವು ವಾರ ಪೆನ್ನಿನಲ್ಲಿ, ಕೆಲವು ವಾರ ಪೆನ್ಸಿಲಿನಲ್ಲಿ. ಪೆನ್ನಿನದೆಲ್ಲ ನೀಲಿ ಮಚ್ಚೆಯಾಗಿ ಹರಡಿಬಿಟ್ಟಿದೆ. ಪೆನ್ಸಿಲಿನದು ಮಾತ್ರ ನಿನ್ನೆ ಬರೆದ ಹಾಗೆ ಇದೆ. ಅದನ್ನು ಬ್ಲಾಟಿಂಗ್ ಪೇಪರಿನ ನಡುವೆ ಇಟ್ಟು ನಮ್ಮ ಮನೆಯ ಡೈನಿಂಗ್ ಟೇಬಲ್ ಮೇಲೆ ಒಣಗಿಸಿದೆ. ಒಂದು ವಾರ ನಾವು ಮಂಡಿ ಮೇಲೆ ತಟ್ಟೆ ಇಟ್ಟುಕೊಂಡು ಊಟ ಮಾಡಿದೆವು.

ಬಾರ್ಡರ್ ಲೀಗ್ ಅಂದರೆ ಏನು ಅಂತ ನಿಮ್ಮ ಮಕ್ಕಳಿಗಾದರೂ ಹೇಳಬೇಕಲ್ಲ, ಅದಕ್ಕೆ ಸ್ವಲ್ಪ ಬರೆಯುತ್ತೇನೆ. 1901ರಲ್ಲಿ ಗಾಲಾ, ಹಾಯ್ಕ್, ಜೆಡ್-ಫಾರೆಸ್ಟ್, ಲ್ಯಾಂಗ್‌ಹೋಮ್, ಮೆಲ್ರೋಸ್, ಈ ಐದು ಕ್ಲಬ್ಬಿನವರು ಸೇರಿ ಶುರು ಮಾಡಿದ್ದು. ಜಗತ್ತಿನ ಅತಿ ಹಳೇ ರಗ್ಬಿ ಯೂನಿಯನ್ (ಹದಿನೈದು ಜನರ ತಂಡದ ರಗ್ಬಿ) ಲೀಗ್ ಇದೇ. 1912ರಲ್ಲಿ ಕೆಲ್ಸೊ, ಸೆಲ್ಕರ್ಕ್ ಸೇರಿಕೊಂಡವು. ಎಷ್ಟು ಹಳೆಯದು ಅಂದರೆ, ಸ್ಕಾಟ್ಲೆಂಡಿಗೆ ಅಧಿಕೃತ ರಾಷ್ಟ್ರೀಯ ಲೀಗ್ ಬಂದದ್ದೇ 1973ರಲ್ಲಿ. ಇಂಗ್ಲೆಂಡಿಗೆ 1987ರಲ್ಲಿ. ಅಲ್ಲಿಯವರೆಗೆ ಉಳಿದವರೆಲ್ಲ ಏನು ಮಾಡುತ್ತಿದ್ದರು ಅಂದರೆ, ಸುಮ್ನೆ ಸ್ನೇಹಕ್ಕೆ ಆಡುತ್ತಿದ್ದರು!

ಆ ಕಾಲದಲ್ಲಿ ದೊಡ್ಡ ಊರಿನ ರಗ್ಬಿ ಯಜಮಾನರಿಗೆ ಲೀಗ್ ಅಂದರೆ ಮೈಯುರಿ. ಕಾರಣ ಇತ್ತು. 1895ರಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ಮುನಿಸಿಕೊಂಡು ಬೇರೆಯಾಗಿದ್ದವು. ಶನಿವಾರ ಆಡಲು ಹೋದರೆ ಗಿರಣಿ, ಗಣಿ ಕೆಲಸಗಾರರ ಕೂಲಿ ತಪ್ಪುತ್ತಿತ್ತು, ಅದನ್ನು ಕಟ್ಟಿಕೊಡಿ ಅಂತ ಅವರು ಕೇಳಿದ್ದು. ಯಜಮಾನರು ಒಪ್ಪಲಿಲ್ಲ. ಲೀಗ್ ಬಂದರೆ ಹಿಂದೆಯೇ ದುಡ್ಡು ಬರುತ್ತದೆ ಅಂತ ಅವರ ಹೆದರಿಕೆ. ನಮ್ಮ ಗಡಿನಾಡಿನವರೂ ಗಿರಣಿಯವರೇ. ಟ್ವೀಡು, ಉಣ್ಣೆ, ನಿಟ್ಟಿಂಗು. ಆದರೆ ಇವರು ಕೂಲಿ ಕೇಳಲಿಲ್ಲ. ಪಕ್ಕದ ಊರನ್ನು ಸೋಲಿಸಿದ್ದಕ್ಕೆ ಲೆಕ್ಕ ಇಡಬೇಕು, ಅಷ್ಟೇ ಅಂದರು. ಗಾಲಾದಿಂದ ಮೆಲ್ರೋಸಿಗೆ ಆರೇಳು ಕಿಲೋಮೀಟರು. ಎರಡೂ ಊರಿಗೆ ಮೊದಲು ಒಂದೇ ಕ್ಲಬ್ ಇತ್ತು. 1877ರಲ್ಲಿ ಜಗಳವಾಗಿ ಪಾಲಾಯಿತು. ಮೆಲ್ರೋಸಿನವರು ರಾತ್ರೋರಾತ್ರಿ ಗೋಲು ಕಂಬಗಳನ್ನೇ ಕಿತ್ತುಕೊಂಡು ಹೋದರು ಅಂತ ಗಾಲಾದಲ್ಲಿ ಇವತ್ತಿಗೂ ಹೇಳುತ್ತಾರೆ. ಅಣ್ಣತಮ್ಮಂದಿರು ಪಾಲಾಗುವಾಗ ಒನಕೆ, ಒರಳಿಗೂ ಜಗಳವಾಡುತ್ತಾರಲ್ಲ, ಹಾಗೆ.

ದುಡ್ಡಿಲ್ಲದ ಕ್ಲಬ್ಬಿನ ಕಥೆ ಅಂದರೆ ಮೆಲ್ರೋಸಿನದ್ದೇ ಹೇಳಬೇಕು. 1883ರಲ್ಲಿ ಅವರ ಗಲ್ಲಾ ಖಾಲಿ. ನೆಡ್ ಹೇಗ್ ಅನ್ನುವ ಒಬ್ಬ ಕಟುಕ ಕ್ಲಬ್ಬಿನ ಆಟಗಾರ. ದುಡ್ಡು ಎತ್ತೋದು ಹೇಗೆ ಅಂತ ತಲೆ ಕೆಡಿಸಿಕೊಂಡವನಿಗೆ ಒಂದು ಉಪಾಯ ಹೊಳೆಯಿತು. ಒಂದೇ ದಿನ ಪಂದ್ಯಾವಳಿ ಇಡೋಣ. ಹದಿನೈದು ಜನರ ತಂಡವಾದರೆ ಒಂದು ದಿನಕ್ಕೆ ಮುಗಿಯೋದಿಲ್ಲ, ಏಳೇ ಜನ ಸಾಕು. ಏಪ್ರಿಲ್ 28ರಂದು ಗ್ರೀನ್‌ಯಾರ್ಡ್ಸ್ ಮೈದಾನದಲ್ಲಿ ಆಡಿದರು. ಊರಿನ ಹೆಂಗಸರು ಕಪ್ಪು ಕೊಟ್ಟರು. ಫೈನಲ್ಲಿನಲ್ಲಿ ಯಾರು ಅಂತೀರಿ? ಮೆಲ್ರೋಸ್ ಮತ್ತು ಗಾಲಾ. ಸಮ ಆಯಿತು, ಹೆಚ್ಚಿನ ಸಮಯ ಕೊಟ್ಟರು. ಮೆಲ್ರೋಸ್ ಒಂದು ಟ್ರೈ (ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸೋದು) ಹೊಡೆದದ್ದೇ ತಡ, ಗೆದ್ದೆವು ಅಂತ ಮೈದಾನದಿಂದ ಹೊರಗೆ ನಡೆದುಬಿಟ್ಟಿತು. ಸಮಯ ಇನ್ನೂ ಇದೆ ಅಂತ ಗಾಲಾದವರು ಕೂಗಾಡಿದರು. ಕಪ್ಪು ಮೆಲ್ರೋಸಿನಲ್ಲೇ ಉಳಿಯಿತು. ಆವತ್ತು ದೇಣಿಗೆಗಾಗಿ ಹುಟ್ಟಿದ ಆಟವೇ ರಗ್ಬಿ ಸೆವೆನ್ಸ್. 2016ರಿಂದ ಒಲಿಂಪಿಕ್ಸಿನಲ್ಲಿದೆ. ಇಂಡಿಯಾ ತಂಡಗಳೂ ಏಷ್ಯಾದಲ್ಲಿ ಅದನ್ನು ಆಡುತ್ತವೆ. ನಮಗೆ ಅಷ್ಟು ದೊಡ್ಡ ಉಪಾಯ ಹೊಳೆಯಲಿಲ್ಲ, ಅದಕ್ಕೇ ಈ ಪತ್ರ.

ಹೆಸರು ಮಾಡಿದವರನ್ನು ಹೇಳದೇ ಇರಲು ಆಗುತ್ತಿಲ್ಲ, ಕ್ಷಮಿಸಿ. 1984ರಲ್ಲಿ ಸ್ಕಾಟ್ಲೆಂಡ್ ಗ್ರ್ಯಾಂಡ್ ಸ್ಲ್ಯಾಮ್ ಗೆದ್ದಿತು, ಅಂದರೆ ಐದು ದೇಶಗಳ ಟೂರ್ನಿಯಲ್ಲಿ ತನ್ನ ಎಲ್ಲ ಪಂದ್ಯ ಗೆದ್ದಿತು, 1925ರ ನಂತರ ಮೊದಲ ಸಲ. ಕೋಚ್ ಮೆಲ್ರೋಸಿನ ಜಿಮ್ ಟೆಲ್ಫರ್, ವೃತ್ತಿಯಲ್ಲಿ ಮೇಷ್ಟ್ರು. ಜೆಡ್-ಫಾರೆಸ್ಟ್ ಕ್ಲಬ್ಬಿನ ಊರು ಜೆಡ್‌ಬರಾದ ರಾಯ್ ಲೇಡ್ಲಾ ಎಲೆಕ್ಟ್ರಿಷಿಯನ್. ಅವರ ಜೋಡಿ ಸೆಲ್ಕರ್ಕಿನ ಜಾನ್ ರದರ್‌ಫರ್ಡ್. ಇಬ್ಬರೂ ದೇಶಕ್ಕಾಗಿ 35 ಪಂದ್ಯ ಜೊತೆಯಾಗಿ ಆಡಿದರು. 1990ರಲ್ಲಿ ಮತ್ತೆ ಗ್ರ್ಯಾಂಡ್ ಸ್ಲ್ಯಾಮ್. ಇಂಗ್ಲೆಂಡ್ ವಿರುದ್ಧ 13-7. ಗೆಲುವಿನ ಟ್ರೈ ಹೊಡೆದದ್ದು ಹಾಯ್ಕ್‌ನ ಟೋನಿ ಸ್ಟ್ಯಾಂಗರ್. ತಂಡದಲ್ಲಿ ಕೆಲ್ಸೊದ ರೈತ ಜಾನ್ ಜೆಫ್ರಿ, ಜೆಡ್-ಫಾರೆಸ್ಟ್‌ನ ಲಾರಿ ಡ್ರೈವರ್ ಗ್ಯಾರಿ ಆರ್ಮ್‌ಸ್ಟ್ರಾಂಗ್. ರಗ್ಬಿ ಯೂನಿಯನ್ನಿನಲ್ಲಿ ದುಡ್ಡು ತೆಗೆದುಕೊಂಡು ಆಡಬಹುದು ಅಂತ ಆದದ್ದು 1995ರಲ್ಲಿ. ಅಲ್ಲಿಯವರೆಗೆ ಇವರೆಲ್ಲ ಸೋಮವಾರ ಬೆಳಿಗ್ಗೆ ಊದಿದ ಕಣ್ಣಿಟ್ಟುಕೊಂಡೇ ಕೆಲಸಕ್ಕೆ ಹೋದವರು. ಹಾಯ್ಕ್ ಹದಿನಾಲ್ಕು ಸಾವಿರ ಜನರ ಊರು, ಮೆಲ್ರೋಸ್ ಎರಡು ಮೂರು ಸಾವಿರದ್ದು. ನಮ್ಮ ಕೊಡಗಿನ ಹಾಕಿ ನೋಡಿದವರಿಗೆ ಇದು ಹೇಗೆ ಅಂತ ಬಿಡಿಸಿ ಹೇಳಬೇಕಿಲ್ಲ.

ದುಡ್ಡು ಬಂದ ಮೇಲೆ ಏನಾಯಿತು ಅಂತಲೂ ನೋಡಿದ್ದೇವೆ. ಒಳ್ಳೆಯ ಹುಡುಗರು ಎಡಿನ್‌ಬರಾಕ್ಕೆ, ಗ್ಲಾಸ್ಗೋಗೆ ಹೋದರು. ಗಡಿನಾಡಿಗೇ ಅಂತ ಇದ್ದ ವೃತ್ತಿಪರ ತಂಡವನ್ನು 2007ರಲ್ಲಿ ಮುಚ್ಚಿದರು. ಗಿರಣಿಗಳೂ ಒಂದೊಂದಾಗಿ ನಿಂತವು. ಲೀಗ್ ಮಾತ್ರ ಉಳಿದಿದೆ. ದೊಡ್ಡ ಟೂರ್ನಿಗಳ ನಡುವೆ ಸಿಕ್ಕ ವಾರದ ದಿನ, ರಾತ್ರಿ ದೀಪದ ಕೆಳಗೆ ಆಡುತ್ತಾರೆ. ನೋಡಲು ಬರುವವರು ಕಡಿಮೆ, ಬಂದವರ ಬಾಯಿ ಮಾತ್ರ ಕಡಿಮೆಯಾಗಿಲ್ಲ.

ನಮ್ಮ ಹತ್ತಿರ ಬರೋದು ಈ ಊರುಗಳ ಮಕ್ಕಳೇ. ಮನೆಯಲ್ಲಿ ಹೀಟರ್ ಹಾಕಲು ಯೋಚನೆ ಮಾಡುವ ಕುಟುಂಬಗಳಿವೆ. ಇಲ್ಲಿ ಬಡತನ ಹೊರಗಿನಿಂದ ಕಾಣುವುದಿಲ್ಲ, ಮನೆಗಳೆಲ್ಲ ಕಲ್ಲಿನವು, ಚೆಂದವಾಗಿಯೇ ಇವೆ. ಬೂಟಿನ ಶೆಲ್ಫಿನ ಹತ್ತಿರ ನಿಂತರೆ ಗೊತ್ತಾಗುತ್ತದೆ. ಕಾಲು ದೊಡ್ಡದಾದ ಮಕ್ಕಳು ಬೂಟು ಅಲ್ಲಿ ಬಿಟ್ಟು ದೊಡ್ಡ ಸೈಜಿನದು ತೆಗೆದುಕೊಳ್ಳುತ್ತಾರೆ. ಒಳಗಿನ ನಾಲಗೆಯಲ್ಲಿ ಹೆಸರು ಬರೆಯೋದು ಪದ್ಧತಿ. ಹೋದ ವಾರ ಒಂದು ಜೊತೆ ನೋಡಿದೆ, ನಾಲ್ಕು ಹೆಸರು, ಮೂರು ಗೀಚಿ ಹಾಕಿದ್ದು. ನಾಲ್ಕನೆಯವನು ಒಂಬತ್ತು ವರ್ಷದ ಹುಡುಗ. ಈಗ ಕೆಳಗಿನ ಕೋಣೆಗೂ ನೀರು ಇಳಿಯುತ್ತಿರುವುದರಿಂದ ಮಕ್ಕಳು ಕಾರಿನ ಹಿಂದೆ ನಿಂತು ಬಟ್ಟೆ ಬದಲಿಸುತ್ತಾರೆ. ಆ ಹುಡುಗ ಬಸ್ಸಿನಲ್ಲಿ ಬರುತ್ತಾನೆ. ಅವನಿಗೆ ಕಾರಿಲ್ಲ. ಆಟ ಮುಗಿದ ಮೇಲೆ ಕೆಸರಿನ ಬಟ್ಟೆಯಲ್ಲೇ ಬಸ್ ಸ್ಟಾಪಿನಲ್ಲಿ ನಿಂತಿದ್ದ. ನಾನು ಮನೆಗೆ ಬಿಟ್ಟುಬಂದೆ. ಸೀಟಿನ ಮೇಲಿನ ಕೆಸರು ಇನ್ನೂ ಹೋಗಿಲ್ಲ.

ಇನ್ನು ಲೆಕ್ಕ. ಸ್ಲೇಟು, ಕೆಳಗಿನ ಹಲಗೆ, ಅಂಚಿನ ಸೀಸದ ತಗಡು, ಸಾರ್ವೆ ಎಲ್ಲ ಸೇರಿ ಸುಮಾರು 38,000 ಪೌಂಡ್ ಆಗುತ್ತದೆ. ಈ ಸಲ ಮೂವರ ಹತ್ತಿರ ಕೊಟೇಶನ್ ತೆಗೆದುಕೊಂಡಿದ್ದೇವೆ, ಕಡಿಮೆ ರೇಟಿನವರನ್ನು ಬಿಟ್ಟಿದ್ದೇವೆ. ಅರ್ಧ ದುಡ್ಡು ಕೊಡಲು ಒಂದು ಸಂಸ್ಥೆ ಒಪ್ಪಿದೆ. ಷರತ್ತು ಏನೆಂದರೆ ಉಳಿದರ್ಧ ಮಾರ್ಚ್ 31ರೊಳಗೆ ನಮ್ಮ ಖಾತೆಯಲ್ಲಿ ಇರಬೇಕು. ಅಂದರೆ 19,000 ಪೌಂಡ್, ರೂಪಾಯಿಯಲ್ಲಿ ಇಪ್ಪತ್ತು ಲಕ್ಷಕ್ಕೂ ಜಾಸ್ತಿ. ಟ್ರಸ್ಟಿಗಳು ಕೈಯಿಂದ ಹಾಕಿದ್ದು, ಊರವರು ಕೊಟ್ಟಿದ್ದು, ಬೇಕ್ ಸೇಲು, ದೋಸೆ ಸ್ಟಾಲು ಎಲ್ಲ ಸೇರಿ ಹತ್ತಿರ ಹತ್ತಿರ 11,000 ಆಗಿದೆ. ದೋಸೆ ಸ್ಟಾಲಿನ ದಿನ ಮಳೆ ಬಂದು ಕಾವಲಿ ಕಾಯಲೇ ಇಲ್ಲ, ಇಲ್ಲದಿದ್ದರೆ ಇನ್ನೂ ಸ್ವಲ್ಪ ಆಗುತ್ತಿತ್ತು. ಬಾಕಿ ಎಂಟು ಸಾವಿರ.

ಕನ್ನಡದವರನ್ನು ಯಾಕೆ ಕೇಳುತ್ತೀರಿ ಅಂತ ಒಬ್ಬ ಸ್ನೇಹಿತರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ನಾನು ತಿಪಟೂರಿನ ಕಡೆಯವನು. ಇಲ್ಲಿಗೆ ಬಂದ ಮೊದಲ ಚಳಿಗಾಲ ನನ್ನನ್ನು ಹೆಸರು ಹಿಡಿದು ಮಾತಾಡಿಸಿದ್ದು ಈ ಮೈದಾನದ ಬೇಲಿ ಪಕ್ಕ ನಿಂತಿದ್ದ ಮುದುಕರು. ನನ್ನ ಮಗಳು ಟ್ಯಾಕಲ್ ಮಾಡಲು ಕಲಿತದ್ದು ಇಲ್ಲಿ. ಇನ್ನೊಂದು ಕಾರಣವೂ ಇದೆ, ಅದನ್ನು ಕೇಳಿ ಅವರು ನಕ್ಕರು. ಇಂಗ್ಲೆಂಡ್, ಸ್ಕಾಟ್ಲೆಂಡ್ ಪ್ರತಿ ವರ್ಷ ಆಡುವ ಕಪ್ಪಿನ ಹೆಸರು ಕಲ್ಕತ್ತಾ ಕಪ್. 1873ರಲ್ಲಿ ಕಲ್ಕತ್ತಾದ ಬಿಳಿಯರು ರಗ್ಬಿ ಕ್ಲಬ್ ಕಟ್ಟಿದರು. ಪುಕ್ಕಟೆ ಕುಡಿಯೋದು ನಿಂತ ಮೇಲೆ ಮೆಂಬರುಗಳೂ ನಿಂತರಂತೆ. 1878ರಲ್ಲಿ ಕ್ಲಬ್ ಮುಚ್ಚಿ, ಬ್ಯಾಂಕಿನಲ್ಲಿ ಉಳಿದಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಕಪ್ಪು ಮಾಡಿಸಿದರು. ಹಿಡಿ ಮೂರೂ ನಾಗರಹಾವು, ಮುಚ್ಚಳದ ಮೇಲೆ ಆನೆ. ಮಣ್ಣು ಮೆತ್ತಿಕೊಂಡು ಆಡುವ ಈ ಆಟಕ್ಕೆ ನಮ್ಮ ರೂಪಾಯಿ ಹೋಗೋದು ಹೊಸದೇನಲ್ಲ. ಆಗ ಯಾರೂ ನಮ್ಮನ್ನು ಕೇಳಿರಲಿಲ್ಲ, ಈಗ ನಾನು ಕೇಳುತ್ತಿದ್ದೇನೆ, ಅಷ್ಟೇ ವ್ಯತ್ಯಾಸ.

ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುವವರು ದಯವಿಟ್ಟು ಗಿಫ್ಟ್ ಏಡ್ ಫಾರಂಗೆ ಸಹಿ ಹಾಕಿ. ನೀವು ಕೊಟ್ಟ ಒಂದೊಂದು ಪೌಂಡಿಗೆ ಸರ್ಕಾರದಿಂದ 25 ಪೆನ್ಸ್ ನಮಗೆ ಬರುತ್ತದೆ, ನಿಮಗೆ ಖರ್ಚಿಲ್ಲ. ಹೋದ ವರ್ಷ ಎಷ್ಟೋ ಜನ ದುಡ್ಡು ಹಾಕಿ ಫಾರಂ ಮರೆತಿರಿ. ಊರಿನಿಂದ ಕಳಿಸುವವರಿಗೆ 80ಜಿ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಹತ್ತು ಪೌಂಡಾದರೂ ಸರಿ. ಬ್ಯಾಂಕ್ ವಿವರ ಬೇಕಾದವರು ಈ ಪತ್ರಕ್ಕೇ ಉತ್ತರ ಬರೆಯಿರಿ, ಅದೇ ದಿನ ಕಳಿಸುತ್ತೇನೆ. ರಸೀದಿ ತಡವಾದರೆ ಬೈಯಬೇಡಿ, ಬರೆಯುವವನು ನಾನೊಬ್ಬನೇ.

ದುಡ್ಡಿನ ಬದಲು ಕೈಕೆಲಸ ಮಾಡುತ್ತೇವೆ ಅನ್ನುವವರು ಮುಂದಿನ ಶನಿವಾರ ಹತ್ತು ಗಂಟೆಗೆ ಬನ್ನಿ. ಮೇಲಿನ ಪೆಟ್ಟಿಗೆಗಳನ್ನೆಲ್ಲ ಕೆಳಗಿಳಿಸಿ ಶಾಲೆಯ ಹಾಲಿಗೆ ಸಾಗಿಸಬೇಕು. ಮೆಟ್ಟಿಲು ಜಾರುತ್ತದೆ, ಗಟ್ಟಿ ಬೂಟು ಹಾಕಿಕೊಳ್ಳಿ. ಮಧ್ಯಾಹ್ನಕ್ಕೆ ಚಿತ್ರಾನ್ನ ಇರುತ್ತದೆ. ಬಿಸಿಬೇಳೆಬಾತ್ ಈ ಸಲ ಇಲ್ಲ, ತಪ್ಪಲೆ ಇನ್ನೂ ಮೇಲೇ ಇದೆ.

ಇಂತಿ ನಿಮ್ಮವ,
ಟ್ರಸ್ಟಿನ ಖಜಾಂಚಿ