ನೋವು ಬರುವ ಮೊದಲೇ ಕೇಳಬೇಕಾದ ಲೆಕ್ಕ

ಬದಿಯಡ್ಕ, ಕಾಸರಗೋಡು ಜಿಲ್ಲೆ, ಕೇರಳ

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲರೂ ಕ್ಷೇಮವಾಗಿದ್ದೇವೆ.

ನಿನ್ನ ಹೆಂಡತಿಯ ಸೀಮಂತದ ದಿನ ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಮಾತಾಡುತ್ತಿದ್ದಾಗ, ಹೆರಿಗೆಯ ಖರ್ಚಿಗೆ ಏನು ವ್ಯವಸ್ಥೆ ಮಾಡಿದ್ದೀ ಎಂದು ನಾನು ಕೇಳಿದ್ದು ನಿನಗೆ ನೆನಪಿರಬಹುದು. ಎಲ್ಲ ನಾರ್ಮಲ್ ಆಗುತ್ತದೆಂದು ಡಾಕ್ಟರು ಹೇಳಿದ್ದಾರೆ, ಸಿಸೇರಿಯನ್ ಆದರೆ ಆಗ ನೋಡಿದರಾಯಿತು ಎಂದು ನೀನು ಹೇಳಿದೆ. ಹತ್ತು ಜನರ ಎದುರು ಹೆಚ್ಚು ಹೇಳುವುದು ಸರಿಯಲ್ಲವೆಂದು ಸುಮ್ಮನಾದೆ. ಆದರೆ ಆ ಮಾತು ಅಂದಿನಿಂದ ಮನಸ್ಸಿನಲ್ಲಿ ಕೊರೆಯುತ್ತಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನು ಮೂವತ್ತೊಂದು ವರ್ಷ ನಮ್ಮೂರಿನ ಸಹಕಾರಿ ಬ್ಯಾಂಕಿನಲ್ಲಿ ದುಡಿದವನು, ಅದರಲ್ಲಿ ಹೆಚ್ಚಿನ ಕಾಲ ಚಿನ್ನದ ಸಾಲದ ಕೌಂಟರಿನಲ್ಲಿ ಕುಳಿತವನು. ಮದುವೆಗೆ, ಮನೆ ಕಟ್ಟುವುದಕ್ಕೆ ಚಿನ್ನ ಅಡವಿಡಲು ಬರುವವರ ಮುಖ ಒಂದು ಬಗೆಯಾದರೆ, ಆಸ್ಪತ್ರೆಯಿಂದ ನೇರವಾಗಿ ಬರುವವರ ಮುಖವೇ ಬೇರೆ. ಒಂದು ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲಲ್ಲಿ ಕಾಯುತ್ತಿದ್ದ ಹುಡುಗನೊಬ್ಬ ಕರವಸ್ತ್ರದ ಗಂಟು ಬಿಚ್ಚಿ ಎರಡು ಬಳೆಗಳನ್ನೂ ಒಂದು ಸರವನ್ನೂ ಮೇಜಿನ ಮೇಲಿಟ್ಟ. ಸರದ ಕೊಂಡಿಯಲ್ಲಿ ಇನ್ನೂ ಒಂದು ಉದ್ದ ಕೂದಲೆಳೆ ಸಿಕ್ಕಿಕೊಂಡಿತ್ತು. ರಾತ್ರಿ ಆಸ್ಪತ್ರೆಯಲ್ಲೇ ಯಾರದೋ ಕೊರಳಿನಿಂದ ಬಿಚ್ಚಿಸಿಕೊಂಡು ಬಂದದ್ದು ಅದು. ಹನ್ನೆರಡು ಗಂಟೆಯೊಳಗೆ ಹಣ ಕಟ್ಟದಿದ್ದರೆ ಇನ್ನೊಂದು ದಿನದ ರೂಮು ಬಾಡಿಗೆ ಬೀಳುತ್ತದೆ ಎಂದು ಅವನು ಎರಡೆರಡು ಸಲ ಹೇಳಿದ. ಒರೆಗೆ ಹಚ್ಚಿ, ತೂಗಿ, ಚೀಟಿ ಬರೆಯುವ ಹೊತ್ತಿನಲ್ಲಿ ಮಗು ಗಂಡೋ ಹೆಣ್ಣೋ ಎಂದು ಕೇಳಿದೆ. ಅವನು ಒಂದು ಗಳಿಗೆ ತಡೆದು, ಹೆಣ್ಣು, ಇನ್ನೂ ಸರಿಯಾಗಿ ನೋಡಲಿಲ್ಲ ಎಂದ. ತನ್ನ ಮಗುವಿನ ಮುಖ ನೋಡಲು ಆ ತಂದೆಗೆ ಪುರುಸೊತ್ತು ಸಿಕ್ಕಿರಲಿಲ್ಲ. ನಿನಗೆ ಆ ಸ್ಥಿತಿ ಬರಬಾರದೆಂಬುದಷ್ಟೇ ನನ್ನ ಆಸೆ.

ಇಷ್ಟೆಲ್ಲ ಕಂಡವನಾಗಿಯೂ ನನ್ನ ಮಗಳ ಹೆರಿಗೆಯಲ್ಲಿ ನಾನೇ ಎಡವಿದೆ. ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎಂಟನೆಯ ತಿಂಗಳಿನಲ್ಲಿ ಪ್ಯಾಕೇಜ್ ಎಂದು ಒಂದು ಮೊತ್ತ ಹೇಳಿದರು. ಅದರೊಳಗೆ ಏನೇನು ಸೇರಿದೆ ಎಂದು ಕೇಳಲು ನನಗೆ ನಾಚಿಕೆಯಾಯಿತು. ಮಗಳ ಜೀವದ ವಿಷಯದಲ್ಲಿ ಚೌಕಾಸಿ ಮಾಡುತ್ತಿದ್ದೇನೆಂದು ಅವರು ತಿಳಿದಾರೆಂಬ ಅಂಜಿಕೆ. ಹುಟ್ಟಿದ ಮೂರನೆಯ ದಿನ ಮಗುವಿಗೆ ಕಾಮಾಲೆ ಕಾಣಿಸಿ ಎರಡು ದಿನ ನೀಲಿ ಬೆಳಕಿನಡಿ ಮಲಗಿಸಿದರು. ಕೊನೆಗೆ ಕೈಗೆ ಬಂದ ಬಿಲ್ಲು ಹೇಳಿದ ಮೊತ್ತದ ಹತ್ತಿರ ಹತ್ತಿರ ಇಮ್ಮಡಿಯಾಗಿತ್ತು. ಮಕ್ಕಳ ಡಾಕ್ಟರ ಫೀಸು, ಔಷಧಿ, ಮಗುವಿನ ಬೆಳಕಿನ ಚಿಕಿತ್ಸೆ, ಯಾವುದೂ ಪ್ಯಾಕೇಜಿನಲ್ಲಿ ಇರಲಿಲ್ಲ. ಅವರು ಸುಳ್ಳು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಮಗುವಿನ ಚಿಕಿತ್ಸೆ ಬೇಕಾದದ್ದೇ ಆಗಿತ್ತು. ಅದರ ಹಣದ ಸಿದ್ಧತೆ ಮಾತ್ರ ನಮ್ಮಲ್ಲಿರಲಿಲ್ಲ.

ಆದ್ದರಿಂದ ಸಿಸೇರಿಯನ್ನಿನ ಖರ್ಚು ಎಂದರೆ ಒಂದು ಮೊತ್ತವಲ್ಲ, ಹಲವು ಖರ್ಚುಗಳ ಕಟ್ಟು ಎಂಬುದನ್ನು ಮೊದಲು ತಿಳಿದುಕೋ. ಹೊಟ್ಟೆ ಕೊಯ್ಯುವ ಡಾಕ್ಟರ ಫೀಸು ಒಂದು. ಬೆನ್ನಿಗೆ ಅರಿವಳಿಕೆಯ ಸೂಜಿ ಕೊಡುವ ಡಾಕ್ಟರ ಫೀಸು ಬೇರೆ. ಮಗುವನ್ನು ಕೈಗೆ ತೆಗೆದುಕೊಳ್ಳಲು ಥಿಯೇಟರಿನಲ್ಲಿ ನಿಲ್ಲುವ ಮಕ್ಕಳ ಡಾಕ್ಟರದ್ದು ಮತ್ತೊಂದು. ಥಿಯೇಟರ್ ಚಾರ್ಜು, ಹೊಲಿಗೆಯ ನೂಲು, ಔಷಧಿ, ರಕ್ತಪರೀಕ್ಷೆ, ನರ್ಸಿಂಗ್ ಚಾರ್ಜು, ಮೂರರಿಂದ ಐದು ದಿನಗಳ ರೂಮು ಬಾಡಿಗೆ ಇವು ಅದರ ಮೇಲೆ. ಮಗುವಿನ ಬಿಲ್ಲು ಅನೇಕ ಕಡೆ ತಾಯಿಯ ಬಿಲ್ಲಿನಿಂದ ಪ್ರತ್ಯೇಕವಾಗಿಯೇ ಬರುತ್ತದೆ, ಮಗುವನ್ನು ತೀವ್ರ ನಿಗಾ ಘಟಕದಲ್ಲಿ ಇರಿಸಬೇಕಾಗಿ ಬಂದರೆ ಅದೊಂದೇ ತಾಯಿಯ ಬಿಲ್ಲನ್ನು ಮೀರಿಸಬಹುದು. ರೂಮಿನ ವಿಷಯವನ್ನು ವಿಶೇಷವಾಗಿ ಗಮನಿಸು. ಬಹಳ ಆಸ್ಪತ್ರೆಗಳಲ್ಲಿ ರೂಮಿನ ದರ್ಜೆ ಏರಿದಂತೆ ಅದೇ ಡಾಕ್ಟರ ಫೀಸೂ ಅದೇ ಥಿಯೇಟರಿನ ಚಾರ್ಜೂ ಏರುತ್ತವೆ. ದಿನಕ್ಕೆ 5000 ರೂಪಾಯಿಗೆ ಮೀರಿದ ರೂಮು ಬಾಡಿಗೆಯ ಮೇಲೆ, ಅದು ತೀವ್ರ ನಿಗಾ ಘಟಕವಲ್ಲದಿದ್ದರೆ, 2022ರ ಜುಲೈಯಿಂದ ಶೇಕಡಾ 5 ಜಿ.ಎಸ್.ಟಿ. ಕೂಡ ಇದೆ. ನೆಂಟರು ಬಂದರೆ ಕೂರಲು ಸೋಫಾ ಬೇಕೆಂದು ದೊಡ್ಡ ರೂಮು ಹಿಡಿಯಬೇಡ. ಬಾಣಂತಿಗೆ ಬೇಕಾದದ್ದು ಗಾಳಿ, ಬೆಳಕು, ಸ್ವಚ್ಛ ಬಚ್ಚಲು, ಕರೆದಾಗ ಬರುವ ನರ್ಸು.

ಮುಂದಿನ ಸಲ ತಪಾಸಣೆಗೆ ಹೋದಾಗ ಡಾಕ್ಟರನ್ನು ಕಂಡ ಮೇಲೆ ಬಿಲ್ಲಿಂಗ್ ಕೌಂಟರಿನಲ್ಲಿ ಹತ್ತು ನಿಮಿಷ ನಿಂತು, ಸಾಧಾರಣ ಹೆರಿಗೆಗೆ ಎಷ್ಟು, ಮೊದಲೇ ದಿನ ಗೊತ್ತುಮಾಡಿದ ಸಿಸೇರಿಯನ್ನಿಗೆ ಎಷ್ಟು, ನೋವು ತಿಂದು ಕೊನೆಗೆ ರಾತ್ರಿಹೊತ್ತು ತುರ್ತಾಗಿ ಮಾಡಿದರೆ ಎಷ್ಟು, ಪ್ಯಾಕೇಜಿನ ಹೊರಗೆ ಏನೇನು ಉಳಿಯುತ್ತದೆ, ಅಡ್ವಾನ್ಸ್ ಎಷ್ಟು ಕಟ್ಟಬೇಕು, ದಿನದ ಲೆಕ್ಕ ಎಷ್ಟು ಗಂಟೆಗೆ ಬದಲಾಗುತ್ತದೆ ಎಂಬುದನ್ನು ಕೇಳಿ ಬರೆದುಕೊಂಡು ಬಾ. ಸಂಕೋಚ ಬೇಡ. ಕೇರಳದಲ್ಲಿ 2018ರ ಕಾಯಿದೆಯೂ ಕರ್ನಾಟಕದಲ್ಲಿ 2007ರ ಕಾಯಿದೆಯೂ ಖಾಸಗಿ ಆಸ್ಪತ್ರೆಗಳು ತಮ್ಮ ದರಗಳನ್ನು ಎಲ್ಲರಿಗೂ ಕಾಣುವಂತೆ ಪ್ರದರ್ಶಿಸಬೇಕೆಂದು ವಿಧಿಸಿವೆ. ಡಿಸ್ಚಾರ್ಜ್ ವೇಳೆಯಲ್ಲಿ ಒಟ್ಟು ಮೊತ್ತದ ಚೀಟಿಯಿಂದ ತೃಪ್ತನಾಗದೆ ಬಾಬುವಾರು ಬಿಲ್ಲು ಕೇಳಿ ಪಡೆ. ಅದು ರೋಗಿಯ ಹಕ್ಕು. ಬಳಸದೆ ಉಳಿದ ಔಷಧಿಯನ್ನು ಫಾರ್ಮಸಿಗೆ ಹಿಂದಿರುಗಿಸಿ ಬಿಲ್ಲಿನಲ್ಲಿ ಕಳೆಯಿಸಿಕೊಳ್ಳಲು ಮರೆಯಬೇಡ.

ಇನ್ನು ವಿಮೆಯ ಮಾತು. ಈಗ ಹೊಸದಾಗಿ ಪಾಲಿಸಿ ಮಾಡಿಸಿ ಈ ಹೆರಿಗೆಗೆ ಹಣ ಪಡೆಯಬಹುದೆಂದು ಯಾರಾದರೂ ಹೇಳಿದರೆ ನಂಬಬೇಡ. ಸ್ವಂತವಾಗಿ ಕೊಂಡ ಪಾಲಿಸಿಗಳಲ್ಲಿ ಹೆರಿಗೆಯ ಸೌಲಭ್ಯ ಹಲವಕ್ಕೆ ಇರುವುದೇ ಇಲ್ಲ, ಇದ್ದರೂ ಹಲವು ತಿಂಗಳುಗಳಿಂದ ಹಿಡಿದು ಕೆಲವು ವರ್ಷಗಳವರೆಗೆ ಕಾಯುವ ಅವಧಿ ಸಾಮಾನ್ಯವಾಗಿ ಇರುತ್ತದೆ. ನಿನ್ನ ಬೆಂಗಳೂರಿನ ಕಂಪೆನಿ ಕೊಟ್ಟಿರುವ ಗುಂಪು ವಿಮೆಯಲ್ಲಿ ಸಾಮಾನ್ಯವಾಗಿ ಈ ಕಾಯುವಿಕೆ ಇರುವುದಿಲ್ಲ. ಆದರೆ ಹೆಂಡತಿಯ ಹೆಸರನ್ನು ನೀನು ಅದರಲ್ಲಿ ಸೇರಿಸಿದ್ದೀಯೋ, ಸಿಸೇರಿಯನ್ನಿಗೆ ಮಿತಿ ಎಷ್ಟು, ರೂಮು ಬಾಡಿಗೆಗೆ ಮಿತಿ ಎಷ್ಟು, ಮಗುವಿಗೆ ಹುಟ್ಟಿದ ದಿನದಿಂದಲೇ ರಕ್ಷಣೆ ಇದೆಯೋ, ನೀವು ಹೋಗುವ ಆಸ್ಪತ್ರೆ ವಿಮಾ ಕಂಪೆನಿಯೇ ನೇರವಾಗಿ ಬಿಲ್ಲು ಕಟ್ಟುವ ಕ್ಯಾಷ್‌ಲೆಸ್ ಪಟ್ಟಿಯಲ್ಲಿದೆಯೋ, ಈ ಐದನ್ನು ಇದೇ ವಾರ ಕೇಳು. ಬಾಡಿಗೆಯ ಮಿತಿಯನ್ನು ಮೀರಿದ ರೂಮು ತೆಗೆದುಕೊಂಡರೆ ಹೆಚ್ಚಿನ ಬಾಡಿಗೆಯನ್ನಷ್ಟೇ ಅಲ್ಲ, ಅದೇ ಪ್ರಮಾಣದಲ್ಲಿ ಡಾಕ್ಟರ ಫೀಸು, ಥಿಯೇಟರ್ ಚಾರ್ಜುಗಳ ಪಾಲನ್ನೂ ಕಡಿತ ಮಾಡುವ ಪಾಲಿಸಿಗಳಿವೆ. ಇದು ತಿಳಿಯದೆ, ವಿಮೆಯಿದ್ದೂ ಚಿನ್ನ ಹಿಡಿದುಕೊಂಡು ನನ್ನ ಕೌಂಟರಿಗೆ ಬಂದವರಿದ್ದರು. ಡಿಸ್ಚಾರ್ಜ್ ದಿನ ಆಸ್ಪತ್ರೆಯ ಕೋರಿಕೆ ತಲುಪಿದ ಮೂರು ಗಂಟೆಯೊಳಗೆ ವಿಮಾ ಕಂಪೆನಿ ಅಂತಿಮ ಒಪ್ಪಿಗೆ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಸೂಚಿಸಿದೆ, ಅದನ್ನೂ ನೆನಪಿಟ್ಟುಕೋ.

ಸರಕಾರಿ ಆಸ್ಪತ್ರೆ ಎಂದರೆ ಬಡವರದ್ದು ಎಂಬ ಭಾವನೆ ನಿನ್ನ ತಲೆಮಾರಿನವರಲ್ಲಿ ಬೇರೂರಿದೆ. 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ನೂ ಸೇರಿ ಹೆರಿಗೆ ಪೂರ್ತಿ ಉಚಿತ. ಔಷಧಿ, ಪರೀಕ್ಷೆ, ರಕ್ತ, ಸಿಸೇರಿಯನ್ ಆದವರಿಗೆ ಏಳು ದಿನದವರೆಗಿನ ಊಟ, ಹೋಗಿ ಬರುವ ವಾಹನ ಎಲ್ಲವೂ ಅದರಲ್ಲಿ ಸೇರಿವೆ. ಬಡವರಿಗೆ ಮಾತ್ರ ಎಂಬ ನಿಬಂಧನೆ ಅದರಲ್ಲಿಲ್ಲ. ಕಾಸರಗೋಡಿನ ಜನರಲ್ ಆಸ್ಪತ್ರೆಯನ್ನೂ ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಯನ್ನೂ ಒಮ್ಮೆ ಹೋಗಿ ನೋಡಿ, ರಾತ್ರಿ ಅರಿವಳಿಕೆಯ ಡಾಕ್ಟರು ಇರುತ್ತಾರೋ ಎಂದು ವಿಚಾರಿಸಿ, ಆಮೇಲೆ ನಿರ್ಧರಿಸು. ನೋಡದೆ ತಳ್ಳಿಹಾಕಬೇಡ.

ಮಂಗಳೂರೇ ಎಂದು ತೀರ್ಮಾನಿಸಿದರೆ ನಾವು ಗಡಿಯವರೆಂಬುದು ನೆನಪಿರಲಿ. ನಮ್ಮ ರೇಶನ್ ಕಾರ್ಡು ಕೇರಳದ್ದು. ಕರ್ನಾಟಕ ಸರಕಾರ ತನ್ನ ನಿವಾಸಿಗಳಿಗೆ ಕೊಡುವ ಆರೋಗ್ಯ ಸೌಲಭ್ಯ ಭಾಷೆ ಕನ್ನಡವೆಂಬ ಕಾರಣಕ್ಕೆ ನಮಗೆ ಸಿಗುವುದಿಲ್ಲ. 2020ರ ಮಾರ್ಚಿನಲ್ಲಿ ಕೊರೋನಾ ಕಾರಣಕ್ಕೆ ತಲಪಾಡಿಯ ಗಡಿದಾರಿ ಮುಚ್ಚಿದಾಗ ರೋಗಿಗಳು ಪಟ್ಟ ಪಾಡನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆಟಿಯ, ಅಂದರೆ ಜುಲೈ-ಆಗಸ್ಟಿನ, ಮಳೆಯಲ್ಲಿ ರಾತ್ರಿ ಐವತ್ತು ಕಿಲೊಮೀಟರು ಹೋಗಬೇಕಾಗಿ ಬಂದರೆ ಎಂದು ಹತ್ತಿರದ ಇನ್ನೊಂದು ಆಸ್ಪತ್ರೆಯಲ್ಲೂ ಒಮ್ಮೆ ತೋರಿಸಿ ಕಡತ ಮಾಡಿಸಿಡು. ಮಗು ಹುಟ್ಟಿದ ಊರಿನಲ್ಲಿಯೇ ಜನನ ನೋಂದಣಿ ಆಗುವುದರಿಂದ, 21 ದಿನಗಳೊಳಗೆ ಅದು ಆಯಿತೋ, ಹೆಸರುಗಳ ಅಕ್ಷರ ಸರಿಯಾಗಿದೆಯೋ ಎಂದು ನೋಡಿಕೋ.

ಹುಡುಗಿಯ ರಕ್ತದ ಗುಂಪು ನೆಗೆಟಿವ್ ಎಂದು ನಿನ್ನ ಅಮ್ಮ ಹೇಳಿದಳು. ಹಾಗಿದ್ದರೆ ತಾಯಿಯ ದೇಹ ಮಗುವಿನ ರಕ್ತದ ವಿರುದ್ಧ ತಿರುಗದಂತೆ 28 ವಾರದ ಹೊತ್ತಿಗೆ ಕೊಡುವ ಆಂಟಿ ಡಿ ಇಂಜೆಕ್ಷನಿನ ಬಗ್ಗೆ ಡಾಕ್ಟರಲ್ಲಿ ಈಗಲೇ ಕೇಳು. ಮಗುವಿನ ಗುಂಪು ಪಾಸಿಟಿವ್ ಆದರೆ ಹೆರಿಗೆಯ ನಂತರ 72 ಗಂಟೆಯೊಳಗೆ ಅದನ್ನು ಮತ್ತೆ ಕೊಡಬೇಕಾಗುತ್ತದೆ. ಅದರ ಬೆಲೆ ಸಾವಿರಗಳ ಲೆಕ್ಕದ್ದು. ಅದೇ ಗುಂಪಿನ ಇಬ್ಬರು ರಕ್ತದಾನಿಗಳನ್ನು ಮೊದಲೇ ಹೇಳಿಟ್ಟುಕೋ.

ಈಗ ನಿನಗೆ ಸ್ವಲ್ಪ ಕಹಿಯಾಗಬಹುದಾದ ಮಾತು. ಚೊಚ್ಚಲ ಹೆರಿಗೆಯ ಖರ್ಚು ತವರಿನದು ಎಂಬ ರೂಢಿಯ ಮರೆಯಲ್ಲಿ ನೀನು ನಿಶ್ಚಿಂತನಾಗಿದ್ದೀಯೋ ಎಂದು ನನಗೆ ಅನುಮಾನ. ನಿನಗೆ ಹೆಣ್ಣು ಕೊಟ್ಟ ಮಾವ ಅಡಿಕೆ ಕೃಷಿಕರು. ಆಟಿಯಲ್ಲಿ ಅವರ ಕೈಯಲ್ಲಿ ಹಣವಿರುವುದಿಲ್ಲ. ಮಳೆ ಜೋರಾದರೆ ಕೊಳೆರೋಗಕ್ಕೆ ಮದ್ದು ಬಿಡಿಸುವ ಖರ್ಚೇ ತಲೆಯ ಮೇಲಿರುತ್ತದೆ. ಅವರು ಸ್ವಾಭಿಮಾನಿಗಳು, ಕೇಳಿದರೆ ಎಲ್ಲ ಆಗುತ್ತದೆ ಎಂದೇ ಹೇಳಿಯಾರು, ಮತ್ತೆ ಸದ್ದಿಲ್ಲದೆ ಯಾವುದಾದರೂ ಬ್ಯಾಂಕಿನ ಕೌಂಟರಿಗೆ ಹೋಗಿಯಾರು. ಹುಟ್ಟುವ ಮಗು ನಿನ್ನದು. ತವರಿನಲ್ಲಿ ಬಾಣಂತನ ಆಗಲಿ, ಲೇಹ್ಯ, ಮೀಯಿಸುವವರ ಸಂಬಳ ಅವರು ಪ್ರೀತಿಯಿಂದ ನೋಡಿಕೊಳ್ಳಲಿ. ಆಸ್ಪತ್ರೆಯ ಬಿಲ್ಲು ನನ್ನದು ಎಂದು ನೀನೇ ಹೋಗಿ, ಅವರು ಕೇಳುವ ಮೊದಲೇ, ಮೆಲ್ಲಗೆ ಹೇಳಿ ಬಾ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕೇರಳದಲ್ಲಿ ನೂರು ಹೆರಿಗೆಗಳಲ್ಲಿ ಸುಮಾರು 39 ಸಿಸೇರಿಯನ್. ದೇಶದ ಒಟ್ಟು ಲೆಕ್ಕದಲ್ಲಿ ಖಾಸಗಿ ಆಸ್ಪತ್ರೆಗಳಲ್ಲಿ ನೂರಕ್ಕೆ 47, ಸರಕಾರಿಯಲ್ಲಿ 14. ಇದನ್ನು ಕಂಡು ಡಾಕ್ಟರೆಲ್ಲ ಹಣಕ್ಕಾಗಿ ಕೊಯ್ಯುತ್ತಾರೆಂಬ ಮಾತಿಗೆ ಬರಬೇಡ. ಸಮಯವಿದ್ದಾಗ ಕಾರಣ ಕೇಳು, ಬೇಕಿದ್ದರೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯವನ್ನೂ ತೆಗೆದುಕೋ. ಆದರೆ ನೋವಿನ ನಡುವೆ ಮಗುವಿನ ಎದೆಬಡಿತ ಇಳಿಯುತ್ತಿದೆ, ಈಗಲೇ ಥಿಯೇಟರಿಗೆ ಒಯ್ಯಬೇಕು ಎಂದು ಅವರು ಕಾಗದ ಹಿಡಿದು ಬಂದಾಗ, ಸಹಿ ಹಾಕುವ ಮೊದಲು ನಿನ್ನ ಮನಸ್ಸು ಒಂದು ಕ್ಷಣವೂ ಹಣದ ಕಡೆಗೆ ಓಡಬಾರದು. ಇಷ್ಟುದ್ದ ಬರೆದದ್ದೆಲ್ಲ ಆ ಒಂದು ಕ್ಷಣಕ್ಕಾಗಿ.

ಬರುವ ಆದಿತ್ಯವಾರ ಊರಿಗೆ ಬರುತ್ತೀಯಲ್ಲ, ವಿಮೆಯ ಕಾಗದವನ್ನೂ ಆಸ್ಪತ್ರೆಯಿಂದ ಬರೆದು ತಂದ ದರವನ್ನೂ ಹಿಡಿದುಕೊಂಡು ನಮ್ಮಲ್ಲಿಗೆ ಬಾ. ನನ್ನ ಹೆಸರಿನಲ್ಲಿ ಒಂದು ಸಣ್ಣ ಠೇವಣಿಯ ಅವಧಿ ಮುಂದಿನ ತಿಂಗಳು ಮುಗಿಯುತ್ತದೆ. ಅದನ್ನು ನವೀಕರಿಸದೆ ಇಟ್ಟಿರುತ್ತೇನೆ. ಬೇಕಾದರೆ ತೆಗೆದುಕೊಂಡು ಹೋಗು, ಬಡ್ಡಿಯ ಮಾತಿಲ್ಲ, ಅನುಕೂಲವಾದಾಗ ಹಿಂದಿರುಗಿಸಿದರೆ ಸಾಕು. ಹುಡುಗಿಗೆ ಕಬ್ಬಿಣಾಂಶದ ಮಾತ್ರೆ ತಪ್ಪಿಸಬಾರದೆಂದು ನಿನ್ನ ಅತ್ತೆ ಹೇಳಲು ಹೇಳಿದ್ದಾಳೆ.

ಇತಿ,
ನಿನ್ನ ಸೋದರಮಾವ